ಪತ್ರ ಬರೆಯುವವನ ಅಮಾನತ್ತು: ಗ್ರಾನಡಾದ ದಫ್ತರಗಳು ಕಲಿಸುವ ಪಾಠ

(ಸಂಘದ ವಾರ್ಷಿಕ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)





ವಿದ್ಯೆಯ ಮಹತ್ವದ ಬಗ್ಗೆ ಈ ವೇದಿಕೆಯಿಂದ ನೀವು ಪ್ರತಿ ವರ್ಷ ಕೇಳುತ್ತಾ ಬಂದಿದ್ದೀರಿ. ವೈದ್ಯರಾಗಿ, ಇಂಜಿನಿಯರಾಗಿ, ಅಧಿಕಾರಿಗಳಾಗಿ ಎಂದು ಹಿರಿಯರು ಹಾರೈಸಿದ್ದಾರೆ. ಅದೆಲ್ಲ ಸರಿಯೇ. ಆದರೆ ಇಂದು ನಾನು ಯಾರೂ ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳದ ಒಂದು ಕಸುಬಿನ ಬಗ್ಗೆ ಮಾತನಾಡಬೇಕೆಂದಿದ್ದೇನೆ. ಅದು ಪತ್ರ ಬರೆಯುವವನ ಕಸುಬು. ಕ್ರಯಪತ್ರ, ಸಾಲದ ಪತ್ರ, ನಿಕಾಹ್ ಪತ್ರ, ವಕ್ಫ್ ಪತ್ರ ಇವುಗಳನ್ನು ಬರೆದುಕೊಡುವವನ ಕಸುಬು.

ಮೊದಲು ಒಂದು ಚಿಕ್ಕ ಪ್ರಸಂಗ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಕಲಬುರಗಿ ಕಡೆಯ ಒಂದು ಹಳ್ಳಿಯಿಂದ ವಯಸ್ಸಾದ ಚಾಚಾ ಒಬ್ಬರು ನನ್ನ ಮನೆಗೆ ಬಂದರು. ಕೈಯಲ್ಲಿ ಬಿಸ್ಕತ್ತಿನ ಹಳೆಯ ಡಬ್ಬಿ. ಅದರೊಳಗೆ ನಾಲ್ಕು ಮಡಿಕೆಯಾಗಿ ಮಡಚಿದ ಒಂದು ಕಾಗದ. "ಮಾಸ್ತರ್ ಸಾಬ್, ಇದು ನಮ್ಮಪ್ಪ ತಗೊಂಡ ಹೊಲದ ಕಾಗದ. ನಮ್ಮ ಮನ್ಯಾಗ ಇದನ್ನ ಓದ್ಲಕ್ಕ ಬರೋರು ಯಾರೂ ಇಲ್ರಿ" ಎಂದರು. ಕಾಗದ ಉರ್ದುವಿನಲ್ಲಿತ್ತು. ಕಲಬುರಗಿ, ಬೀದರ್, ರಾಯಚೂರು ಜಿಲ್ಲೆಗಳು ನಿಜಾಮರ ಆಳ್ವಿಕೆಯಲ್ಲಿದ್ದ ಕಾಲ ಅದು. 1948ರವರೆಗೆ ಅಲ್ಲಿ ಕಚೇರಿಯ ಭಾಷೆ ಉರ್ದುವೇ ಆಗಿತ್ತು. ಚಾಚಾರ ಮೊಮ್ಮಗ ಕಾಲೇಜಿನಲ್ಲಿ ಓದುತ್ತಿದ್ದ, ಆದರೆ ಅವನಿಗೆ ಆ ಲಿಪಿ ಬಾರದು. ಮನೆಗೆ ಸುಣ್ಣ ಬಳಿಯುವಾಗ ಹಳೆಯ ಕಾಗದಗಳ ಜೊತೆ ಅದನ್ನೂ ಸುಡಲು ಎತ್ತಿಟ್ಟಿದ್ದನಂತೆ. ಅಜ್ಜ ನೋಡಿ ತಡೆದರಂತೆ.

ಎರಡು ಸಂಜೆ ಕುಳಿತು ಆ ಗೀಚು ಬರಹವನ್ನು ಓದಿದೆ. ಚಾಚಾ ಮತ್ತು ಪಕ್ಕದ ಹೊಲದವರ ನಡುವೆ ಯಾವ ಗಡಿಯ ಬಗ್ಗೆ ಹತ್ತು ವರ್ಷಗಳಿಂದ ಮನಸ್ತಾಪವಿತ್ತೋ ಆ ಗಡಿ ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು: ಪೂರ್ವಕ್ಕೆ ಹಳ್ಳ, ಹಳ್ಳದ ಈಚೆಗೆ ಬಾವಿ. ಎರಡೂ ಮನೆಯವರನ್ನು ಕೂರಿಸಿ ಓದಿ ಹೇಳಿದ ಮೇಲೆ ರಾಜಿಯಾಯಿತು. ಆ ಪತ್ರ ಬರೆದ ಪುಣ್ಯಾತ್ಮನ ಹೆಸರು ಕೊನೆಯಲ್ಲಿತ್ತು, ಆದರೆ ಅದು ನನಗೆ ಓದಲಾಗಲಿಲ್ಲ. ಅವನು ತೀರಿಹೋಗಿ ಎಷ್ಟೋ ವರ್ಷಗಳಾಗಿರಬೇಕು. ಆದರೂ ಅವನ ಪ್ರಾಮಾಣಿಕತೆ ಎರಡು ಕುಟುಂಬಗಳನ್ನು ಕೋರ್ಟಿನ ಮೆಟ್ಟಿಲಿನಿಂದ ಉಳಿಸಿತು.

ಅಂದಿನಿಂದ ನನಗೆ ಮತ್ತೆ ಮತ್ತೆ ನೆನಪಾಗುವುದು ಗ್ರಾನಡಾದ ಕಥೆ. ಅಲ್ಲಿ ಇದೇ ಪ್ರಸಂಗ ಒಂದು ಇಡೀ ಜನತೆಗೆ ಸಂಭವಿಸಿತು. ಅದನ್ನು ನಿಮ್ಮ ಮುಂದಿಡುತ್ತೇನೆ.

ಲೇಖನಿಯಿಂದ ಬದುಕಿದ ಪುಟ್ಟ ರಾಜ್ಯ

ಸ್ಪೇನಿನ ದಕ್ಷಿಣದಲ್ಲಿ, ಪರ್ವತಗಳಿಗೂ ಸಮುದ್ರಕ್ಕೂ ನಡುವೆ ಇದ್ದದ್ದು ಗ್ರಾನಡಾ ರಾಜ್ಯ. ಕುರ್ತುಬಾ 1236ರಲ್ಲಿ, ಇಶ್ಬೀಲಿಯಾ 1248ರಲ್ಲಿ ಕ್ಯಾಸ್ಟೀಲ್ ರಾಜನ ವಶವಾದವು. ಅಂಥ ಕಾಲದಲ್ಲಿ ಮುಹಮ್ಮದ್ ಇಬ್ನುಲ್ ಅಹ್ಮರ್ 1238ರಲ್ಲಿ ಗ್ರಾನಡಾವನ್ನು ರಾಜಧಾನಿ ಮಾಡಿಕೊಂಡು ನಸ್ರಿ ವಂಶದ ಆಳ್ವಿಕೆ ಆರಂಭಿಸಿದ. ರಾಜ್ಯದ ವಿಸ್ತೀರ್ಣ ಸುಮಾರು 30 ಸಾವಿರ ಚದರ ಕಿಲೋಮೀಟರ್. ಅಂದರೆ ಇಂದಿನ ಕರ್ನಾಟಕದ ಆರನೇ ಒಂದು ಭಾಗದಷ್ಟು. ಉತ್ತರದಲ್ಲಿ ಬಲಿಷ್ಠ ಕ್ಯಾಸ್ಟೀಲ್, ಪೂರ್ವದಲ್ಲಿ ಅರಗಾನ್, ಸಮುದ್ರದಾಚೆ ಫೆಸ್ ನಗರದ ಮರೀನಿ ಸುಲ್ತಾನರು. ಸೈನ್ಯಬಲದಲ್ಲಿ ಗ್ರಾನಡಾ ಇವರಿಗೆ ಸಮವಾಗಿರಲಿಲ್ಲ. ಆದರೂ ಅದು 1492ರವರೆಗೆ, 250 ವರ್ಷಗಳಿಗೂ ಹೆಚ್ಚು ಕಾಲ ಉಳಿಯಿತು.

ಹೇಗೆ ಉಳಿಯಿತು? ಕೋಟೆಗಳು ಮತ್ತು ಪರ್ವತಗಳ ಜೊತೆಗೆ ಅದನ್ನು ಉಳಿಸಿದ್ದು ಒಪ್ಪಂದಗಳು. ಒಬ್ಬರೊಡನೆ ಕದನ ವಿರಾಮ, ಇನ್ನೊಬ್ಬರೊಡನೆ ಕಪ್ಪದ ಕರಾರು, ಮತ್ತೊಬ್ಬರೊಡನೆ ವ್ಯಾಪಾರದ ಕೌಲು. ಜಿನೋವಾದ ವರ್ತಕರೊಂದಿಗೆ 1279ರಲ್ಲೇ ಒಪ್ಪಂದವಾಗಿತ್ತು. ಇವೆಲ್ಲ ಕಾಗದದ ಮೇಲೆ ನಡೆಯುವ ಕೆಲಸಗಳು. ಆದ್ದರಿಂದ ಅಲ್‌ಹಂಬ್ರಾ ಅರಮನೆಯಲ್ಲಿ ಸೇನಾಪತಿಗೆ ಎಷ್ಟು ಗೌರವವಿತ್ತೋ, 'ದೀವಾನುಲ್ ಇನ್‌ಶಾ' ಅಂದರೆ ಪತ್ರವ್ಯವಹಾರದ ಕಚೇರಿಯ ಮುಖ್ಯಸ್ಥನಿಗೂ ಅಷ್ಟೇ ಗೌರವವಿತ್ತು.

ಆ ಕಚೇರಿಯ ಪತ್ರಗಳು ಹೇಗಿದ್ದವು ಎಂಬುದು ನಮಗೆ ಇಂದು ಗೊತ್ತಿದೆ. ಯಾಕೆಂದರೆ ಅರಗಾನ್ ರಾಜರಿಗೆ ಹೋದ ಪತ್ರಗಳು ಬಾರ್ಸಿಲೋನಾದ ಪತ್ರಾಗಾರದಲ್ಲಿ ಉಳಿದಿವೆ. ಅನೇಕ ಪತ್ರಗಳನ್ನು ಕೆಂಪು ಬಣ್ಣ ಕೊಟ್ಟ ಕಾಗದದ ಮೇಲೆ ಬರೆಯಲಾಗಿತ್ತು. ಪತ್ರದ ಮೈ ಬರೆಯುವುದು ಕಚೇರಿಯ ಕಾತಿಬ್. ಕೊನೆಯಲ್ಲಿ ಸುಲ್ತಾನನು ತನ್ನ ಕೈಯಿಂದಲೇ ದಪ್ಪ ಅಕ್ಷರಗಳಲ್ಲಿ ಎರಡು ಪದ ಬರೆಯುತ್ತಿದ್ದ: 'ಸಹ್ಹ ಹಾಝಾ', ಅಂದರೆ 'ಇದು ಸರಿಯಿದೆ'. ಆ ಎರಡು ಪದ ಇಲ್ಲದಿದ್ದರೆ ಎಷ್ಟೇ ಚಂದದ ಪತ್ರವಾದರೂ ಅದು ಬರಿ ಕಾಗದ.

ನೆರೆಯ ಇನ್ನೊಂದು ಪುಟ್ಟ ರಾಜ್ಯ ಟುನಿಸ್‌ನಲ್ಲಿ ಈ ಅಧಿಕೃತ ಗುರುತನ್ನು ಬರೆಯಲು ಒಬ್ಬ ಪ್ರತ್ಯೇಕ ನೌಕರನೇ ಇದ್ದ. ಬಿಸ್ಮಿಲ್ಲಾದ ನಂತರ, ಪತ್ರದ ವಿಷಯಕ್ಕೆ ಮುಂಚೆ, ದೊಡ್ಡ ಲೇಖನಿಯಿಂದ ಅಲ್ಲಾಹನ ಸ್ತುತಿ ಮತ್ತು ಕೃತಜ್ಞತೆಯ ಪದಗಳನ್ನು ಬರೆಯುವುದು ಅವನ ಕೆಲಸ. 1350ರ ದಶಕದ ಆರಂಭದಲ್ಲಿ ಆ ಹುದ್ದೆಗೆ ಸೇರಿದ ತರುಣನಿಗೆ ವಯಸ್ಸು ಸುಮಾರು 20. ಅವನೇ ಮುಂದೆ 'ಮುಕದ್ದಿಮಾ' ಬರೆದು ಲೋಕಪ್ರಸಿದ್ಧನಾದ ಇಬ್ನ್ ಖಲ್ದೂನ್! ವಿದ್ಯಾರ್ಥಿಗಳೇ, ಗುಮಾಸ್ತೆಯ ಕೆಲಸವನ್ನು ಕೀಳೆಂದು ಭಾವಿಸಬೇಡಿ. ರಾಜ್ಯಗಳು ಹೇಗೆ ಏಳುತ್ತವೆ, ಹೇಗೆ ಬೀಳುತ್ತವೆ ಎಂದು ಜಗತ್ತಿಗೆ ತಿಳಿಸಿದವನು ತನ್ನ ಬದುಕನ್ನು ಆರಂಭಿಸಿದ್ದು ಕಚೇರಿಯ ಚಾಪೆಯ ಮೇಲೆ.

ಗ್ರಾನಡಾದ ದೀವಾನದಲ್ಲಿ ಮೂರು ತಲೆಮಾರಿನ ಗುರುಶಿಷ್ಯರನ್ನು ಕಾಣುತ್ತೇವೆ. ಮೊದಲನೆಯವರು ಇಬ್ನುಲ್ ಜಯ್ಯಾಬ್. ಇವರು 1349ರಲ್ಲಿ ಮಹಾ ಪ್ಲೇಗಿನ ಸಮಯದಲ್ಲಿ ತೀರಿಕೊಂಡರು. ಇವರ ಕೈಕೆಳಗೆ ಪಳಗಿದವರು ಲಿಸಾನುದ್ದೀನ್ ಇಬ್ನುಲ್ ಖತೀಬ್. 1340ರ ಯುದ್ಧದಲ್ಲಿ ತಂದೆಯನ್ನು ಕಳೆದುಕೊಂಡು ಕಚೇರಿಗೆ ಸೇರಿದ ಇವರು ವಝೀರ್ ಪದವಿಯವರೆಗೆ ಏರಿದರು. ಇವರಿಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಹಗಲು ರಾಜ್ಯದ ಕೆಲಸ, ರಾತ್ರಿ ಬರವಣಿಗೆ. ಅದಕ್ಕೆ ಜನ ಇವರನ್ನು 'ಎರಡು ಆಯುಷ್ಯದವರು' ಎಂದು ಕರೆದರು. ಮೂರನೆಯವರು ಇಬ್ನ್ ಝಮ್ರಕ್. ಕಮ್ಮಾರನೊಬ್ಬನ ಮಗ. ವಿದ್ಯೆಯೊಂದೇ ಬಂಡವಾಳ. ಇಬ್ನುಲ್ ಖತೀಬರ ಶಿಷ್ಯನಾಗಿ ಅದೇ ಪೀಠಕ್ಕೆ ಬಂದರು. ಇಂದು ಅಲ್‌ಹಂಬ್ರಾಕ್ಕೆ ಹೋಗುವ ಲಕ್ಷಾಂತರ ಪ್ರವಾಸಿಗರು ಗೋಡೆಯ ಮೇಲಿನ ಕೆತ್ತನೆಯ ಕವಿತೆಗಳನ್ನು ನೋಡಿ ಬೆರಗಾಗುತ್ತಾರೆ. ಅವುಗಳಲ್ಲಿ ಹೆಚ್ಚಿನವು ಈ ದೀವಾನದ ಮುಖ್ಯಸ್ಥರದ್ದೇ.

ಆದರೆ ಈ ಕಥೆಗೆ ಕಹಿಯಾದ ಕೊನೆಯೂ ಇದೆ. ಇಬ್ನುಲ್ ಖತೀಬ್ ರಾಜಕೀಯದ ಸುಳಿಗೆ ಸಿಕ್ಕಿ ಫೆಸ್‌ಗೆ ಓಡಿಹೋದರು. 1374ರಲ್ಲಿ ಅಲ್ಲಿನ ಸೆರೆಮನೆಯಲ್ಲಿ ಅವರ ಕೊಲೆಯಾಯಿತು. ಅವರ ಮೇಲೆ ಆರೋಪ ಹೊರಿಸಿದವರಲ್ಲಿ ಅವರ ಶಿಷ್ಯ ಇಬ್ನ್ ಝಮ್ರಕ್ ಕೂಡಾ ಇದ್ದರು. ಲೇಖನಿಗೆ ಬಲವಿದೆ ನಿಜ, ಅದನ್ನು ಹಿಡಿದ ಕೈಗೆ ಅಮಾನತ್ತಿನ ಭಯವೂ ಇರಬೇಕು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ಬೀದಿಯ ನೋಟರಿ

ಇಲ್ಲಿಯವರೆಗೆ ಹೇಳಿದ್ದು ಅರಮನೆಯ ಮಾತು. ಈಗ ಬೀದಿಗೆ ಬರೋಣ. ನನ್ನ ಮಾತಿನ ಹುರುಳು ಇರುವುದು ಇಲ್ಲಿ.

ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘ ವಚನ ಯಾವುದರ ಬಗ್ಗೆ ಇದೆ ಎಂದು ವಿದ್ಯಾರ್ಥಿಗಳನ್ನು ಕೇಳಿದರೆ ಹೆಚ್ಚಿನವರು ನಮಾಝ್ ಎಂದೋ ಉಪವಾಸ ಎಂದೋ ಹೇಳುತ್ತಾರೆ. ಅದು ಅಲ್ ಬಕರ ಅಧ್ಯಾಯದ 282ನೆಯ ವಚನ. ಅದರ ವಿಷಯ ಸಾಲವನ್ನು ಬರೆದಿಡುವುದು! ಗಡುವು ಇರುವ ಸಾಲವನ್ನು ಬರೆದಿಡಬೇಕು, ಬರೆಯುವವನು ನ್ಯಾಯದಿಂದ ಬರೆಯಬೇಕು, ಬರೆಯಲು ಬಲ್ಲವನು ಒಲ್ಲೆ ಎನ್ನಬಾರದು, ಸಾಲ ತೀರಿಸಬೇಕಾದವನೇ ಹೇಳಿ ಬರೆಸಬೇಕು, ಅವನು ಅಶಕ್ತನಾಗಿದ್ದರೆ ಅವನ ಪೋಷಕನು ಬರೆಸಬೇಕು, ಸಾಕ್ಷಿಗಳಿರಬೇಕು, ಮೊತ್ತ ಚಿಕ್ಕದೆಂದು ಬರೆಯಲು ಬೇಸರಪಡಬಾರದು, ಬರೆದವನಿಗಾಗಲಿ ಸಾಕ್ಷಿಗಾಗಲಿ ತೊಂದರೆ ಕೊಡಬಾರದು. ಇದು ಆ ವಚನದ ತಾತ್ಪರ್ಯ. ಬಲಹೀನನ ಪರವಾಗಿ ಎಷ್ಟು ಎಚ್ಚರ ವಹಿಸಲಾಗಿದೆ ಎಂಬುದನ್ನು ಗಮನಿಸಿ.

ಈ ತಳಹದಿಯ ಮೇಲೆ ಅಂದಲುಸಿನಲ್ಲಿ ಒಂದು ಶಾಸ್ತ್ರವೇ ಬೆಳೆಯಿತು. ಪತ್ರ ಬರೆಯುವವನನ್ನು 'ಮುವಸ್ಸಿಕ್' ಎಂದೂ, ಪತ್ರವನ್ನು 'ವಸೀಕಾ' ಅಥವಾ 'ಅಕ್ದ್' ಎಂದೂ ಕರೆಯುತ್ತಿದ್ದರು. ಹೇಗೆ ಬರೆಯಬೇಕೆಂದು ತೋರಿಸುವ ಮಾದರಿ ಪುಸ್ತಕಗಳಿದ್ದವು. ಕುರ್ತುಬಾದ ಇಬ್ನುಲ್ ಅತ್ತಾರ್ (ಮರಣ 1009) ಬರೆದದ್ದು, ತುಲೈತುಲಾದ ಇಬ್ನ್ ಮುಗೀಸ್ (ಮರಣ 1067) ಬರೆದದ್ದು, ಗ್ರಾನಡಾದಲ್ಲೇ ಇಬ್ನ್ ಸಲ್ಮೂನ್ (ಮರಣ 1366) ಬರೆದದ್ದು ಹೀಗೆ ಹಲವು. ಮನೆ ಮಾರಾಟಕ್ಕೆ ಒಂದು ಮಾದರಿ, ತೋಟದ ಗೇಣಿಗೆ ಇನ್ನೊಂದು, ಮದುವೆಗೆ, ತಲಾಕಿಗೆ, ಅನಾಥ ಮಕ್ಕಳ ಆಸ್ತಿಯ ಮೇಲ್ವಿಚಾರಣೆಗೆ, ಪಾಲುದಾರಿಕೆಗೆ, ವಕ್ಫ್‌ಗೆ ಬೇರೆ ಬೇರೆ ಮಾದರಿಗಳು.

15ನೆಯ ಶತಮಾನದ ಗ್ರಾನಡಾದ ಇಂಥ ಅನೇಕ ಪತ್ರಗಳು ಉಳಿದಿದ್ದು, 1961ರಲ್ಲಿ ಸ್ಪೇನಿನ ವಿದ್ವಾಂಸ ಲೂಯಿಸ್ ಸೆಕೋ ದೆ ಲುಸೇನಾ ಅವುಗಳ ಒಂದು ಸಂಗ್ರಹವನ್ನು ಪ್ರಕಟಿಸಿದರು. ಒಂದು ಕ್ರಯಪತ್ರ ಹೇಗಿರುತ್ತದೆ ಎಂದು ಕೇಳಿ. ಮೊದಲು ಅಲ್ಲಾಹನ ಸ್ತುತಿ. ನಂತರ ಕೊಳ್ಳುವವನ ಹೆಸರು, ಮಾರುವವನ ಹೆಸರು. ಆಮೇಲೆ ಸ್ವತ್ತು ಎಲ್ಲಿದೆ ಎಂಬ ವಿವರ ಮತ್ತು ನಾಲ್ಕೂ ದಿಕ್ಕಿನ ಗಡಿ. ನಮ್ಮ ಪತ್ರಗಳಲ್ಲಿ 'ಚೆಕ್ಕುಬಂದಿ' ಎನ್ನುತ್ತೇವಲ್ಲ, ಅದೇ! ಅಲ್ಲಿ ದಕ್ಷಿಣ ದಿಕ್ಕನ್ನು 'ಕಿಬ್ಲಾ' ಎಂದೇ ಬರೆಯುತ್ತಿದ್ದರು. ಆಮೇಲೆ ಬೆಲೆ, ಹಣ ಸಂದಾಯವಾಯಿತೆಂಬ ಮಾತು. ಇಬ್ಬರಿಗೂ ವ್ಯವಹಾರದ ಅರಿವಿದೆ, ಇಬ್ಬರೂ ಸ್ವಸ್ಥರಾಗಿದ್ದಾರೆ, ವ್ಯವಹರಿಸುವ ಅರ್ಹತೆ ಅವರಿಗಿದೆ ಎಂಬ ಹೇಳಿಕೆ. ತಾರೀಖು ಅಂಕಿಗಳಲ್ಲಲ್ಲ, ಅಕ್ಷರಗಳಲ್ಲಿ. ಅಂಕಿ ತಿದ್ದುವುದು ಸುಲಭ, ಅಕ್ಷರ ತಿದ್ದುವುದು ಕಷ್ಟ. ಬರೆಯುವಾಗ ಎಲ್ಲಾದರೂ ಚಿತ್ತಾಗಿದ್ದರೆ, ಸಾಲಿನ ಮೇಲೆ ಪದ ಸೇರಿಸಿದ್ದರೆ, ಅದನ್ನೂ ಕೊನೆಯಲ್ಲಿ ಒಪ್ಪಿಕೊಂಡು ನಮೂದಿಸಬೇಕು. ಅದಾದ ಮೇಲೆ ಸಾಕ್ಷಿಗಳ ರುಜು.

ಈ ಪತ್ರಗಳಲ್ಲಿ ಹೆಂಗಸರ ಹೆಸರು ಮತ್ತೆ ಮತ್ತೆ ಬರುತ್ತದೆ. ಮನೆ ಕೊಂಡವರು, ತೋಟ ಮಾರಿದವರು, ತಂದೆಯಿಂದ ಪಾಲು ಪಡೆದವರು, ಗಂಡನಿಂದ ಬರಬೇಕಾದ ಮಹರ್‌ಗೆ ಬದಲಾಗಿ ಭೂಮಿ ಪಡೆದವರು. ಶರೀಅತ್ ಹೆಣ್ಣಿಗೆ ಕೊಟ್ಟ ಹಕ್ಕು ಪ್ರವಚನದಲ್ಲಿ ಮಾತ್ರ ಉಳಿಯದೆ ಆ ಊರಿನ ಕಾಗದದ ಮೇಲೂ ಇಳಿದಿತ್ತು. ತಾಯಂದಿರೇ, ಸೋದರಿಯರೇ, ನಿಮ್ಮ ನಿಕಾಹ್ ಪತ್ರದ ಒಂದು ಪ್ರತಿ ನಿಮ್ಮ ಬಳಿ ಇದೆಯೇ? ಅದರಲ್ಲಿ ಬರೆದ ಮಹರ್ ಎಷ್ಟು ಎಂದು ನಿಮಗೆ ಗೊತ್ತಿದೆಯೇ? ಮನೆಗೆ ಹೋದ ಮೇಲೆ ಹುಡುಕಿ ನೋಡಿ.

ಸಾಕ್ಷಿಯ ಬಾಯಿ, ನೋಟರಿಯ ಮೊಹರು

ಅದೇ ಕಾಲದಲ್ಲಿ ಕ್ರೈಸ್ತ ರಾಜ್ಯಗಳಲ್ಲೂ ನೋಟರಿಗಳಿದ್ದರು. ಇಟಲಿಯ ಬೊಲೊನ್ಯಾದಲ್ಲಿ ರೊಲಾಂದಿನೋ ಎಂಬ ವಿದ್ವಾಂಸ 13ನೆಯ ಶತಮಾನದಲ್ಲಿ ನೋಟರಿ ಕಲೆಯ ಬಗ್ಗೆ ಬರೆದ ಗ್ರಂಥ ಯುರೋಪಿನಾದ್ಯಂತ ಪಠ್ಯವಾಯಿತು. ಆದರೆ ಎರಡೂ ಪದ್ಧತಿಗಳ ನಡುವೆ ಒಂದು ಮೂಲಭೂತ ವ್ಯತ್ಯಾಸವಿತ್ತು.

ಕ್ರೈಸ್ತ ರಾಜ್ಯಗಳಲ್ಲಿ ನೋಟರಿಗೆ ರಾಜನಿಂದಲೋ ನಗರ ಸಭೆಯಿಂದಲೋ ಅಧಿಕಾರ ಸಿಗುತ್ತಿತ್ತು. ಅವನು ತನ್ನದೇ ಆದ ಒಂದು ಗುರುತನ್ನು ಪತ್ರದ ಮೇಲೆ ಬರೆದರೆ ಆ ಪತ್ರವೇ ಪುರಾವೆ. ಜೊತೆಗೆ ಅವನು ಬರೆದ ಎಲ್ಲ ವ್ಯವಹಾರಗಳ ಸಾರಾಂಶವನ್ನು ತನ್ನ ವಹಿಯಲ್ಲಿ ಇಟ್ಟುಕೊಳ್ಳುತ್ತಿದ್ದ. ಜಿನೋವಾದಲ್ಲಿ 1154ರಿಂದ 1164ರವರೆಗಿನ ಒಬ್ಬ ನೋಟರಿಯ ವಹಿ ಇಂದಿಗೂ ಇದೆ!

ಮುಸ್ಲಿಂ ರಾಜ್ಯಗಳಲ್ಲಿ ಬರಿ ಕಾಗದ ಪುರಾವೆಯಲ್ಲ. ಕಾಗದವೆಂದರೆ ಸಾಕ್ಷಿಗಳ ನೆನಪಿನ ಓಲೆ. ವಿವಾದ ಬಂದರೆ 'ಅದ್ಲ್' ಅಂದರೆ ಸಚ್ಚಾರಿತ್ರ್ಯದ ಸಾಕ್ಷಿ ಖಾಝಿಯ ಮುಂದೆ ನಿಂತು ಹೇಳಬೇಕು. ಯಾರು ಅದ್ಲ್, ಯಾರು ಅಲ್ಲ ಎಂದು ಖಾಝಿಯೇ ವಿಚಾರಿಸಿ ತೀರ್ಮಾನಿಸುತ್ತಿದ್ದ. ಸುಳ್ಳು ಹೇಳುವವನ, ಲಂಚ ತಿನ್ನುವವನ ರುಜುವಿಗೆ ಬೆಲೆಯಿಲ್ಲ. ಸಾಕ್ಷಿ ಸತ್ತುಹೋದರೆ? ಅಂದಲುಸಿನ ಮಾಲಿಕಿ ವಿದ್ವಾಂಸರು ಅದಕ್ಕೂ ದಾರಿ ಮಾಡಿದ್ದರು: ಅವನ ಕೈಬರಹವನ್ನು ಬಲ್ಲ ಇಬ್ಬರು ವಿಶ್ವಾಸಾರ್ಹರು ಬಂದು, ಇದು ಅವನದೇ ಅಕ್ಷರ ಎಂದು ಹೇಳಬಹುದಿತ್ತು.

ಇಬ್ನ್ ಖಲ್ದೂನ್ ತಮ್ಮ ಗ್ರಂಥದಲ್ಲಿ ಈ ಸಾಕ್ಷಿಗಳ ಬಗ್ಗೆ ಬರೆಯುತ್ತಾ, ಪ್ರತಿ ನಗರದಲ್ಲೂ ಅವರು ಕೂರುವ ಅಂಗಡಿ ಕಟ್ಟೆಗಳಿದ್ದು ಜನ ಅಲ್ಲಿಗೆ ಹೋಗಿ ಪತ್ರ ಮಾಡಿಸಿಕೊಳ್ಳುತ್ತಾರೆಂದು ತಿಳಿಸಿದ್ದಾರೆ. ಅವರ ನಡತೆಯ ಮೇಲೆ ಖಾಝಿ ಸದಾ ಕಣ್ಣಿಡಬೇಕೆಂದೂ ಹೇಳಿದ್ದಾರೆ. ಕೆಟ್ಟವರೂ ಇದ್ದರು, ಮುಚ್ಚಿಡುವುದೇಕೆ? ಸ್ವತಃ ಇಬ್ನುಲ್ ಖತೀಬ್, ಹಣಕ್ಕಾಗಿ ಈ ಕಸುಬನ್ನು ಕೆಡಿಸಿದವರನ್ನು ಖಂಡಿಸಿ ಒಂದು ಪ್ರತ್ಯೇಕ ಕೃತಿಯನ್ನೇ ಬರೆದರು.

ಎರಡು ಪದ್ಧತಿಗಳಲ್ಲಿ ಯಾವುದು ಮೇಲು? ನಾನು ತೀರ್ಪು ಕೊಡುವುದಿಲ್ಲ. ನಮ್ಮ ಪದ್ಧತಿ ಮನುಷ್ಯನ ಚಾರಿತ್ರ್ಯವನ್ನು ಕೇಂದ್ರದಲ್ಲಿಟ್ಟಿತು. ಅದು ದೊಡ್ಡ ಮಾತು. ಆದರೆ ಅವರು ವಹಿಯಲ್ಲಿ ಪ್ರತಿ ಇಟ್ಟರು, ವಹಿಯನ್ನು ಮುಂದಿನ ನೋಟರಿಗೆ ಒಪ್ಪಿಸಿದರು. ಗ್ರಾನಡಾದಲ್ಲಿ ಪತ್ರ ಇರುತ್ತಿದ್ದುದು ಮನೆಯವರ ಪೆಟ್ಟಿಗೆಯಲ್ಲಿ. ಖಾಝಿಗಳ ದಫ್ತರಗಳು ರಾಜ್ಯದ ಜೊತೆಗೇ ಕಣ್ಮರೆಯಾದವು. ಒಳ್ಳೆಯದು ಯಾರಲ್ಲಿದ್ದರೂ ಕಲಿಯುವುದು ನಮಗೆ ಹೊಸದಲ್ಲ. ಪ್ರತಿ ತೆಗೆದಿಡುವ ಅಭ್ಯಾಸವನ್ನು ನಾವು ಅವರಿಂದ ಕಲಿಯಬೇಕಿತ್ತು.

ಎರಡು ಭಾಷೆಯ ಪತ್ರದ ಪಾಠ

ಇನ್ನೊಂದು ಉದಾಹರಣೆ ನೋಡಿ. ಗ್ರಾನಡಾದ ಈಶಾನ್ಯಕ್ಕೆ ವಲೆನ್ಸಿಯಾ ಪ್ರದೇಶ. ಅಲ್ಲಿನ ಪರ್ವತಗಳಲ್ಲಿ ಅಲ್ ಅಝ್ರಕ್ ಎಂಬ ಮುಸ್ಲಿಂ ಪಾಳೆಯಗಾರನಿದ್ದ. 1245ರಲ್ಲಿ ಅವನು ಅರಗಾನಿನ ರಾಜಕುಮಾರನೊಡನೆ ಒಪ್ಪಂದ ಮಾಡಿಕೊಂಡ. ಆ ಚರ್ಮಪತ್ರ ಇಂದಿಗೂ ಉಳಿದಿದೆ. ಅದರಲ್ಲಿ ಒಂದು ಸಾಲು ಸ್ಪ್ಯಾನಿಷ್, ಒಂದು ಸಾಲು ಅರಬಿ ಹೀಗೆ ಎರಡು ಭಾಷೆಗಳು ಒಂದೇ ಹಾಳೆಯ ಮೇಲಿವೆ. ನೋಡಿದರೆ ಒಂದು ಇನ್ನೊಂದರ ಅನುವಾದ ಎನಿಸುತ್ತದೆ. ಆದರೆ ವಿದ್ವಾಂಸರು ಕೂಡಿಸಿ ಓದಿದಾಗ ಎರಡರ ಧಾಟಿ ಒಂದೇ ಅಲ್ಲವೆಂದು ತಿಳಿಯಿತು. ಸ್ಪ್ಯಾನಿಷ್ ಸಾಲುಗಳಲ್ಲಿ ಅಲ್ ಅಝ್ರಕ್ ರಾಜಕುಮಾರನ ಅಧೀನನಾಗಿ ಶರಣಾಗುತ್ತಾನೆ. ಅರಬಿ ಸಾಲುಗಳಲ್ಲಿ ಅದು ಇಬ್ಬರ ನಡುವಿನ ಕೆಲವು ವರ್ಷಗಳ ಕರಾರು. ಒಂದೇ ಹಾಳೆ, ಎರಡು ತಿಳುವಳಿಕೆ. ಕೆಲವೇ ವರ್ಷಗಳಲ್ಲಿ ಯುದ್ಧವೂ ಆಯಿತು.

ಇಲ್ಲಿ ನಾವು ತಿಳಿಯಬೇಕಾದದ್ದೇನೆಂದರೆ, ಎದುರಿನವನ ಭಾಷೆಯಲ್ಲಿ ಏನು ಬರೆದಿದೆ ಎಂದು ಓದಲು ಬಾರದವನು ತನ್ನ ಭಾಷೆಯಲ್ಲಿ ಬರೆದಿರುವುದನ್ನು ನಂಬಿ ನಿಶ್ಚಿಂತೆಯಿಂದ ಕೂರಬಾರದು. ಕನ್ನಡ, ಉರ್ದು, ಇಂಗ್ಲಿಷ್ ಮೂರನ್ನೂ ಕಲಿಯಿರಿ ಎಂದು ನಾವು ಹೇಳುವುದು ಬರಿ ಅಂಕಗಳಿಗಾಗಿ ಅಲ್ಲ. ಇಂದು ನಮ್ಮ ಪಹಣಿ, ಖಾತೆ, ಮಹಜರು ಎಲ್ಲ ಕನ್ನಡದಲ್ಲಿವೆ. ಓದದೆ ಎಲ್ಲಿಯೂ ಹೆಬ್ಬೆಟ್ಟು ಒತ್ತಬೇಡಿ, ರುಜು ಹಾಕಬೇಡಿ.

ರಾಜ್ಯ ಹೋದ ಮೇಲೆ

1491ರ ನವೆಂಬರ್ 25ರಂದು ಗ್ರಾನಡಾದ ಕೊನೆಯ ಸುಲ್ತಾನನ ಕಡೆಯವರು ಕ್ಯಾಸ್ಟೀಲಿನ ಇಸಾಬೆಲ್ ಮತ್ತು ಅರಗಾನಿನ ಫರ್ಡಿನಾಂಡ್ ಜೊತೆ ಒಪ್ಪಂದ ಮಾಡಿಕೊಂಡರು. ಮುಸ್ಲಿಮರ ಧರ್ಮ, ಆಸ್ತಿ, ಅವರದೇ ಖಾಝಿ, ಅವರದೇ ಕಾನೂನು ಎಲ್ಲಕ್ಕೂ ರಕ್ಷಣೆಯ ವಾಗ್ದಾನ ಅದರಲ್ಲಿತ್ತು. 1492ರ ಜನವರಿ 2ರಂದು ನಗರ ಒಪ್ಪಿಸಲಾಯಿತು. ವಾಗ್ದಾನ ಹತ್ತು ವರ್ಷವೂ ಉಳಿಯಲಿಲ್ಲ. 1499ರಿಂದ ಬಲವಂತದ ಮತಾಂತರ ಶುರುವಾಯಿತು. ದಂಗೆಗಳಾದವು. 1501ರಲ್ಲಿ ಅರಬಿ ಧರ್ಮಗ್ರಂಥಗಳನ್ನು ಸುಡಲು ರಾಜಾಜ್ಞೆ ಹೊರಟಿತು. ಅತ್ಯಂತ ವೈಭವದ ಪತ್ರ, ಇಬ್ಬರು ರಾಜರ ಮೊಹರಿನ ಪತ್ರ, ಕೈಕೊಟ್ಟಿತು.

ಆದರೆ ಬೀದಿಯ ನೋಟರಿ ಬರೆದ ಚಿಕ್ಕ ಪತ್ರಗಳು? ಅವು ಅಷ್ಟು ಬೇಗ ಸಾಯಲಿಲ್ಲ. ಯಾಕೆಂದರೆ ಜಮೀನು ಕೊಳ್ಳಲು ಬಂದ ಹೊಸ ಕ್ರೈಸ್ತರಿಗೂ ಅವೇ ಬೇಕಿತ್ತು. ಇದು ಯಾರದು, ಗಡಿ ಎಲ್ಲಿ, ಯಾರಿಂದ ಯಾರಿಗೆ ಬಂತು ಎಂದು ಹೇಳುವ ಬೇರೆ ಪುರಾವೆಯೇ ಇರಲಿಲ್ಲ. ಹೀಗಾಗಿ ಅರಬಿ ಪತ್ರಗಳನ್ನು ಸ್ಪ್ಯಾನಿಷ್‌ಗೆ ಅನುವಾದಿಸಿ ಕೊಡುವ ಅಧಿಕೃತ ಅನುವಾದಕರು ನೇಮಕವಾದರು. ಮಸೀದಿಗಳ ವಕ್ಫ್ ಆಸ್ತಿಗಳು ಚರ್ಚುಗಳ ಪಾಲಾದಾಗಲೂ ಅವುಗಳ ಪಟ್ಟಿ ಮಾಡಬೇಕಾಯಿತು. 1505ರ ಅಂಥ ಒಂದು ಪಟ್ಟಿಯಿಂದಲೇ ಇಂದು ನಾವು ಗ್ರಾನಡಾದ ಎಷ್ಟೋ ಮಸೀದಿಗಳ ಹೆಸರುಗಳನ್ನು ತಿಳಿಯುತ್ತೇವೆ. ಗೆದ್ದವನೂ ಸೋತವನ ಪತ್ರವನ್ನು ನಂಬಲೇಬೇಕಾಯಿತು. ಸರಿಯಾಗಿ ಬರೆದ ಒಂದು ಪತ್ರದ ಬಲ ಅಷ್ಟಿರುತ್ತದೆ.

ಆದರೆ ಓದುವವರು ಕಡಿಮೆಯಾಗುತ್ತಾ ಬಂದರು. ಅರಬಿ ಪತ್ರ ಮನೆಯಲ್ಲಿಟ್ಟುಕೊಳ್ಳುವುದೇ ಭಯದ ವಿಷಯವಾಯಿತು. ಯಾವುದು ಕುರ್‌ಆನಿನ ಹಾಳೆ, ಯಾವುದು ಹೊಲದ ಪತ್ರ ಎಂದು ತನಿಖೆಗೆ ಬಂದ ಅಧಿಕಾರಿಗೆ ಹೇಗೆ ತಿಳಿಯಬೇಕು? ಎಷ್ಟೋ ಪತ್ರಗಳು ಬೆಂಕಿಗೆ ಹೋದವು, ಗೋಡೆಗಳೊಳಗೆ ಅಡಗಿದವು.

ಇಂಥ ಸ್ಥಿತಿಯಲ್ಲಿ 1559ರಿಂದ ಸರಕಾರ ಹಕ್ಕುಪತ್ರಗಳ ಪರಿಶೀಲನೆಗೆ ನ್ಯಾಯಾಧಿಕಾರಿಗಳನ್ನು ಕಳುಹಿಸಿತು. ಜಮೀನನ್ನು ಅಳೆಯಿಸಿ, ಪತ್ರ ತೋರಿಸಿ ಎಂದರು. ತಲೆತಲಾಂತರದಿಂದ ಉಳುತ್ತಾ ಬಂದವರ ಬಳಿ ಪತ್ರವಿರಲಿಲ್ಲ. ಇದ್ದರೆ ಗಡಿ ಹೊಂದಲಿಲ್ಲ. ತೋರಿಸಲಾಗದವರು ದಂಡ ತೆತ್ತರು, ಇಲ್ಲವೇ ಭೂಮಿ ಕಳೆದುಕೊಂಡರು. ಅದರ ಮೇಲೆ 1567ರ ಜನವರಿ 1ರಂದು ಇನ್ನೊಂದು ರಾಜಾಜ್ಞೆ ಸಾರಲಾಯಿತು: ಮೂರು ವರ್ಷದೊಳಗೆ ಎಲ್ಲರೂ ಸ್ಪ್ಯಾನಿಷ್ ಕಲಿಯಬೇಕು, ಆಮೇಲೆ ಅರಬಿ ಮಾತನಾಡುವಂತಿಲ್ಲ, ಬರೆಯುವಂತಿಲ್ಲ, ಅರಬಿಯಲ್ಲಿ ಬರೆದ ಕರಾರುಗಳಿಗೆ ಬೆಲೆಯಿಲ್ಲ. ಫ್ರಾನ್ಸಿಸ್ಕೋ ನೂನ್ಯೆಝ್ ಮುಲೈ ಎಂಬ ವಯೋವೃದ್ಧರು ಗ್ರಾನಡಾದ ಅಧಿಕಾರಿಗಳಿಗೆ ಅರ್ಜಿ ಬರೆದು, ಮುದುಕರು ಇಳಿವಯಸ್ಸಿನಲ್ಲಿ ಹೊಸ ಭಾಷೆ ಕಲಿಯುವುದು ಹೇಗೆ ಎಂದು ವಾದಿಸಿದರು. ಆ ಅರ್ಜಿ ಇಂದಿಗೂ ಇದೆ. ಅದು ಫಲ ಕೊಡಲಿಲ್ಲ. 1568ರ ಡಿಸೆಂಬರಿನಲ್ಲಿ ಅಲ್‌ಪುಹಾರಾ ಬೆಟ್ಟಗಳಲ್ಲಿ ದಂಗೆ ಎದ್ದಿತು. ಭೂಮಿ ಕಳೆದುಕೊಂಡ ನೋವು ಅದರ ಕಾರಣಗಳಲ್ಲಿ ಒಂದೆಂದು ಇತಿಹಾಸಕಾರರು ಹೇಳುತ್ತಾರೆ. ದಂಗೆ ಅಡಗಿದ ಮೇಲೆ ಆ ಜನರನ್ನು ಗ್ರಾನಡಾದಿಂದ ಚದುರಿಸಲಾಯಿತು. 1609ರಿಂದ 1614ರ ನಡುವೆ ಸ್ಪೇನಿನಿಂದಲೇ ಹೊರಹಾಕಲಾಯಿತು.

ಆ ದಿನಗಳಲ್ಲಿ ಗ್ರಾನಡಾದಲ್ಲಿ ಅಲೊನ್ಸೋ ದೆಲ್ ಕಸ್ತಿಯೋ ಎಂಬ ಮುಸ್ಲಿಂ ಮೂಲದ ವೈದ್ಯರಿದ್ದರು. ಅಲ್‌ಹಂಬ್ರಾದ ಗೋಡೆಯ ಮೇಲಿನ ಬರಹಗಳನ್ನು ನಕಲು ಮಾಡಿ ಅನುವಾದಿಸಿದವರು ಅವರು. ಒಂದು ಕಾಲದಲ್ಲಿ ಆ ಊರಿನ ಮದರಸಾದ ಹುಡುಗ ಸಲೀಸಾಗಿ ಓದುತ್ತಿದ್ದ ಸಾಲುಗಳಿಗೆ ಈಗ ಅನುವಾದಕ ಬೇಕಾಯಿತು. ರಾಜ್ಯ ಹೋದದ್ದಕ್ಕಿಂತ ದೊಡ್ಡ ನಷ್ಟ ಇದು ಎಂದು ನನಗೆ ಅನಿಸುತ್ತದೆ.

ನಮ್ಮ ಕರ್ತವ್ಯ

ಸಹೋದರ ಸಹೋದರಿಯರೇ, ಗ್ರಾನಡಾದ ಕಥೆ ಹೇಳಿ ಕಣ್ಣೀರು ಹಾಕಿಸುವುದು ನನ್ನ ಉದ್ದೇಶವಲ್ಲ. ಅಲ್‌ಹಂಬ್ರಾದ ವೈಭವ ಹಾಡಿ ಮನೆಗೆ ಹೋಗುವ ಭಾಷಣಗಳನ್ನು ನಾವು ಸಾಕಷ್ಟು ಕೇಳಿದ್ದೇವೆ. ನಾವು ಪ್ರಜಾಪ್ರಭುತ್ವದಲ್ಲಿದ್ದೇವೆ, ನಮಗೆ ಸಂವಿಧಾನವಿದೆ, ಕೋರ್ಟಿದೆ, ರಿಜಿಸ್ಟ್ರಾರ್ ಕಚೇರಿಯಿದೆ. ಅವರ ಸ್ಥಿತಿಯೇ ಬೇರೆ, ನಮ್ಮ ಸ್ಥಿತಿಯೇ ಬೇರೆ. ಆದರೆ ಪತ್ರವಿಲ್ಲದವನ ಪಾಡು ಎಲ್ಲ ಕಾಲದಲ್ಲೂ ಒಂದೇ.

ನಾವು ದಿನಬೆಳಗಾದರೆ ಕಚೇರಿಗಳಲ್ಲಿ ಆಡುವ ಕನ್ನಡದ ಪದಗಳನ್ನೇ ನೋಡಿ. ಅರ್ಜಿ, ದಾಖಲೆ, ದಸ್ತಾವೇಜು, ಮಹಜರು, ಮೊಹರು, ವಕೀಲ, ಜಾಮೀನು, ಕಾಗದ. ಇವೆಲ್ಲ ಅರಬಿ, ಫಾರಸಿಗಳಿಂದ ಬಂದು ಕನ್ನಡದ್ದೇ ಆದ ಪದಗಳು. 'ಮಹಜರು' ಎಂಬುದು ಖಾಝಿಯ ನ್ಯಾಯಾಲಯದ ಕಡತದ ಹೆಸರೇ ಆಗಿತ್ತು. ಇಷ್ಟು ಪದಗಳನ್ನು ಕಚೇರಿಗೆ ಕೊಟ್ಟ ಪರಂಪರೆಯವರಾದ ನಾವು ಇಂದು ಅದೇ ಕಚೇರಿಯ ಬಾಗಿಲಲ್ಲಿ 'ಹೆಸರು ತಪ್ಪಾಗಿದೆ, ಸರಿ ಮಾಡಿ ಕೊಡಿ' ಎಂದು ಅಲೆಯುತ್ತಿದ್ದೇವೆ. ಒಂದೇ ಮನುಷ್ಯನ ಹೆಸರು ಶಾಲೆಯ ದಾಖಲೆಯಲ್ಲಿ ಒಂದು, ರೇಷನ್ ಕಾರ್ಡಿನಲ್ಲಿ ಇನ್ನೊಂದು, ಪಹಣಿಯಲ್ಲಿ ಮತ್ತೊಂದು. ತಂದೆ ಸತ್ತು ಇಪ್ಪತ್ತು ವರ್ಷವಾದರೂ ಖಾತೆ ಅವರ ಹೆಸರಿನಲ್ಲೇ ಇದೆ. ಹೆಣ್ಣುಮಕ್ಕಳ ಪಾಲು ಬಾಯಿಮಾತಿನಲ್ಲಿದೆ, ಕಾಗದದಲ್ಲಿಲ್ಲ. ಅಣ್ಣತಮ್ಮಂದಿರ ನಡುವೆ ಸಾಲ ಕೊಟ್ಟರೆ ಬರೆದುಕೊಳ್ಳುವುದು ಅವಮಾನ ಎನ್ನುತ್ತೇವೆ. ಬರೆದಿಡಿ ಎಂಬ ಆಜ್ಞೆ ಅಪನಂಬಿಕೆಯಿಂದ ಬಂದದ್ದಲ್ಲ, ನಂಟು ಉಳಿಯಲಿ ಎಂದು ಬಂದದ್ದು.

ಆದ್ದರಿಂದ ನಮ್ಮ ಸಂಘದ ಸದಸ್ಯರಲ್ಲಿ ಮತ್ತು ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ ಇಷ್ಟೇ. ಈ ರಜೆಯಲ್ಲಿ ನಿಮ್ಮ ಮನೆಯ ಪೆಟ್ಟಿಗೆ ತೆರೆಯಿರಿ. ಹಿರಿಯರು ಬದುಕಿರುವಾಗಲೇ ಯಾವ ಕಾಗದ ಯಾವುದು ಎಂದು ಕೇಳಿ ಬರೆದಿಡಿ. ಪ್ರತಿ ತೆಗೆಸಿ ಬೇರೆ ಕಡೆ ಇಡಿ. ನಿಮ್ಮ ಮನೆಯದ್ದು ಮುಗಿದ ಮೇಲೆ ನೆರೆಮನೆಯವರದ್ದು ನೋಡಿ, ಅವರು ಯಾವ ಧರ್ಮದವರಾದರೂ ಸರಿ. ಉರ್ದು ಬಲ್ಲವರು ಹಳೆಯ ಕಚೇರಿ ಬರಹ ಓದಲು ಕಲಿಯಿರಿ. ನಮ್ಮ ಧಾರವಾಡ, ಬೆಳಗಾವಿ ಕಡೆಯವರು ಮೋಡಿ ಲಿಪಿ ಓದಲು ಕಲಿಯಿರಿ. ಮಸೀದಿ ಕಮಿಟಿಯವರು ವಕ್ಫ್ ಪತ್ರಗಳ ಪ್ರತಿ ಎಲ್ಲಿದೆ ಎಂದು ಈ ವಾರವೇ ವಿಚಾರಿಸಿ. ಕಾನೂನು ಓದುವ ಮಕ್ಕಳು ವಾರಕ್ಕೊಂದು ಸಂಜೆ ಸಂಘದ ಕೋಣೆಯಲ್ಲಿ ಕುಳಿತು ಬಡವರ ಅರ್ಜಿ ಬರೆದುಕೊಡಲಿ. ಬರೆಯಲು ಬಲ್ಲವನು ಒಲ್ಲೆ ಎನ್ನಬಾರದು ಎಂಬ ಆ ಆಜ್ಞೆ ನೆನಪಿರಲಿ.

ಬರೆಯುವಾಗ ಒಂದು ಮಾತು ಮಾತ್ರ ಮರೆಯಬೇಡಿ. ನೀವು ಬರೆದ ಕಾಗದವನ್ನು ನೀವು ನೋಡದ ಒಬ್ಬ ಮೊಮ್ಮಗ, ನೀವು ಊಹಿಸದ ಒಂದು ದಿನ, ಬಿಸ್ಕತ್ತಿನ ಡಬ್ಬಿಯಿಂದ ಹೊರತೆಗೆಯುತ್ತಾನೆ. ಅವತ್ತು ಅವನಿಗೆ ಆ ಕಾಗದ ಸತ್ಯ ಹೇಳಬೇಕು. ಅದನ್ನು ಓದಲು ಅವನಿಗೆ ಬರುವಂತೆ ಮಾಡುವುದೂ ನಮ್ಮದೇ ಹೊಣೆ.

ಅಲ್ಲಾಹನು ನಮಗೆ ನ್ಯಾಯದಿಂದ ಬರೆಯುವ ಕೈಯನ್ನೂ, ಬರೆದದ್ದನ್ನು ಕಾಪಾಡುವ ಬುದ್ಧಿಯನ್ನೂ ಕೊಡಲಿ. ಆಮೀನ್.